ಎತ್ತಿಕೊಡುವ ಊರು

ಆ ಊರಿನ ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಬೋರ್ಡು ಇತ್ತು, ಆದರೆ ಉಪ್ಪುಗಾಳಿ ತಿಂದು ಉಳಿಸಿದ ಒಂದೆರಡು ಅಕ್ಷರ ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ. ನಾವು ಅಲ್ಲಿಗೆ ಹೋದದ್ದು ಒಂದು ರಾತ್ರಿ ಮಲಗಿ, ಒದ್ದೆ ಕಾಲುಚೀಲ ಒಣಗಿಸಿಕೊಂಡು, ಬೆಳಿಗ್ಗೆ ಎದ್ದು ಹೊರಡುವುದಕ್ಕೆ. ಇದ್ದದ್ದು ನಾಲ್ಕು ದಿನ.

ನಮ್ಮವರು ಚನ್ನವೀರಯ್ಯ, ವಿದ್ಯುತ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವರು. ನಾನು ಶಿವಗಂಗಾ, ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಕೂತು ಮಾತ್ರೆ ಎಣಿಸಿ ಕೊಟ್ಟವಳು. ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಬಯಲುಸೀಮೆಯವರಿಗೆ ಸಮುದ್ರದ ಹುಚ್ಚು ಹಿಡಿದರೆ ಅದು ಸುಲಭಕ್ಕೆ ಬಿಡುವುದಿಲ್ಲ. ಕಡಲ ದಂಡೆಯಲ್ಲಿ ಬೆನ್ನಿಗೆ ಗುಡಾರ ಕಟ್ಟಿಕೊಂಡು ಮೂರು ನಡಿಗೆ ನಡೆಯುವುದೆಂದು ತೀರ್ಮಾನಿಸಿದೆವು. ಮೊದಲನೆಯದು ನಾಲ್ಕು ದಿನ, ಎರಡನೆಯದು ಐದು, ಮೂರನೆಯದು ಆರು ದಿನ, ದೀಪಸ್ತಂಭದವರೆಗೆ. ಒಂದು ನಡಿಗೆ ಮುಗಿದ ಮೇಲೆ ಬಸ್ಸು ಹತ್ತಿ ಕಾರು ನಿಲ್ಲಿಸಿದಲ್ಲಿಗೆ ವಾಪಸು ಬರುವುದು, ಮುಂದಿನ ನಡಿಗೆ ಶುರುವಾಗುವ ಕಡೆಗೆ ಕಾರು ಓಡಿಸುವುದು, ನಡುವೆ ಯಾವುದಾದರೂ ಊರಲ್ಲಿ ತಂಗಿ ಬಟ್ಟೆ ಒಗೆದುಕೊಳ್ಳುವುದು. ಇಷ್ಟೇ ನಮ್ಮ ಯೋಜನೆ.

ಹೊರಡುವ ಎಂಟು ತಿಂಗಳು ಮೊದಲು ನಮ್ಮವರ ಎದೆಗೆ ಎರಡು ಸ್ಟೆಂಟು ಹಾಕಿದ್ದರು. ಡಾಕ್ಟರು, "ನಡೀರಿ, ಚೆನ್ನಾಗಿ ನಡೀರಿ. ಆದ್ರೆ ಎಂಟು ಕೆ.ಜಿ.ಗಿಂತ ಹೆಚ್ಚು ಹೊರಬೇಡಿ" ಎಂದಿದ್ದರು. ನಮ್ಮವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ ಮನೆಗೆ ಬಂದು ಚೀಲಕ್ಕೆ ಹದಿನೈದು ಕೆ.ಜಿ. ತುಂಬಿದರು. ಹೊರುವ ವಿಷಯದಲ್ಲಿ ಅವರಿಗೆ ಒಂದು ಜಂಬ. ಕೆಲಸದಲ್ಲಿದ್ದಾಗ ಏಣಿಯನ್ನು ಇನ್ನೊಬ್ಬರ ಹೆಗಲಿಗೆ ಕೊಟ್ಟವರಲ್ಲ. ಬಸ್ ನಿಲ್ದಾಣದಲ್ಲಿ ಎರಡು ಕೈಗೆ ಎರಡು ಚೀಲ ಹಿಡಿದು, ಟಿಕೆಟ್ಟನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಲ್ಲುವ ಆಸಾಮಿ. ಮದುವೆಯಾಗಿ ಮೂವತ್ತೊಂದು ವರ್ಷವಾಗಿದ್ದರೂ "ಸ್ವಲ್ಪ ಇದನ್ನ ಹಿಡ್ಕೋ" ಎಂದು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಮೊದಲ ನಡಿಗೆಯ ಎರಡನೇ ದಿನ ಒಂದು ಏರಿನಲ್ಲಿ ಅವರು ನಿಂತು ಉಸಿರೆಳೆದುಕೊಂಡ ಸದ್ದಿಗೆ ನನ್ನ ಜೀವ ಬಾಯಿಗೆ ಬಂತು. ಕೇಳಿದರೆ "ಸಮುದ್ರ ನೋಡ್ತಿದ್ದೆ" ಅಂದರು. ಮಾರನೆಯ ಬೆಳಿಗ್ಗೆಯಿಂದ ನಾನು ಕಳ್ಳಿಯಾದೆ. ಚೀಲ ಕಟ್ಟುವುದು, ಬಿಚ್ಚುವುದು ಎರಡೂ ನನ್ನ ಇಲಾಖೆ. ಬೆಳಿಗ್ಗೆ ಅವರು ಕಣ್ಣು ಮುಚ್ಚಿ ಪ್ರಾಣಾಯಾಮ ಮಾಡುವಾಗ ಗುಡಾರದ ಕಂಬಿಗಳು, ಒಲೆ ಮತ್ತು ಅದರ ಗ್ಯಾಸ್ ಡಬ್ಬಿ, ಇಕ್ಕಳಗಳ ಚರ್ಮದ ಚೀಲ, ಎಲ್ಲವನ್ನೂ ನನ್ನ ಚೀಲದ ತಳಕ್ಕೆ ಇಳಿಸಿ, ಮೇಲೆ ನನ್ನ ಸಾಮಾನು ಮುಚ್ಚುತ್ತಿದ್ದೆ. ಸಂಜೆ ಡಾಕ್ಟರು ಹೇಳಿದ ಹಾಗೆ ಅವರು ಅರ್ಧ ಗಂಟೆ ಅಡ್ಡಾದಾಗ ತೆಗೆದು ಹೊರಗಿಡುತ್ತಿದ್ದೆ. ಸಮುದ್ರದ ದಂಡೆಯಲ್ಲಿ ಇಕ್ಕಳ ಯಾತಕ್ಕೆ ಅಂತ ನೀವು ಕೇಳಬಹುದು. ಇಕ್ಕಳ ಪಕ್ಕದಲ್ಲಿಲ್ಲದೆ ಅವರಿಗೆ ನಿದ್ದೆ ಬರುವುದಿಲ್ಲ, ಅದಕ್ಕೆ. ಅವರ ಚೀಲ ಸೊರಗಿದಂತೆ ಕಾಣಬಾರದೆಂದು ಹಾಸಿಗೆಯನ್ನು ಸಡಿಲವಾಗಿ ಸುತ್ತಿ ಉಬ್ಬಿಸಿ ತುರುಕುತ್ತಿದ್ದೆ.

ಇದರಿಂದ ಆದದ್ದೇನೆಂದರೆ, ನಮ್ಮವರು ತಮಗೆ ಶಕ್ತಿ ವಾಪಸು ಬಂತೆಂದು ನಂಬಿಬಿಟ್ಟರು. ಎರಡನೇ ನಡಿಗೆ ಮುಗಿಯುವ ಹೊತ್ತಿಗೆ ಅವರ ಮುಖದಲ್ಲಿ ಮದುವೆಗೆ ಮುಂಚಿನ ಕಳೆ. "ನೋಡಿದ್ಯಾ ಗಂಗಾ, ಎದೆ ಪೂರ್ತಿ ರಿಪೇರಿ ಆಗಿದೆ. ಮೂರನೇದಕ್ಕೆ ನೀರಿನ ಕ್ಯಾನೆಲ್ಲ ನಾನೇ ತಗೋತೀನಿ" ಎಂದು ಕಾರು ಓಡಿಸುತ್ತ ಹಾಡಿನ ಧಾಟಿಯಲ್ಲಿ ಹೇಳಿದರು. ನನ್ನ ಎಡಭುಜ ಅಷ್ಟರಲ್ಲಿ ಬಾತುಕೊಂಡಿತ್ತು. ಹೇಳದಿದ್ದರೆ ರಸ್ತೆಯೇ ಇಲ್ಲದ ಆ ಆರು ದಿನದ ದಾರಿಯಲ್ಲಿ ಇಬ್ಬರಲ್ಲೊಬ್ಬರು ಬೀಳುವುದು ಖಂಡಿತ. ಹೇಳಿದರೆ ಅವರು ನಡೆಯುವುದನ್ನೇ ಬಿಟ್ಟು, ಮನೆಯ ಕುರ್ಚಿಯಲ್ಲಿ ರೋಗಿಯಾಗಿ ಕೂರುವುದೂ ಖಂಡಿತ. ಈ ಸಂಕಟದಲ್ಲಿ ಬೇಯುತ್ತ ನಾನು ಆ ಊರು ತಲುಪಿದೆ.

ಮಧ್ಯಾಹ್ನ ಮೂರು ಗಂಟೆ ಇರಬಹುದು. "ತಂಗಲು ಕೋಣೆ ಇದೆ" ಎಂದು ಬರೆದಿದ್ದ ಮನೆಯ ಮುಂದೆ ಕಾರು ನಿಲ್ಲಿಸಿದೆವು. ನಮ್ಮವರು ಡಿಕ್ಕಿ ತೆಗೆದು ತಮ್ಮ ಚೀಲದ ಪಟ್ಟಿ ಹಿಡಿದು ಎಳೆದರು. ಚೀಲ ಮಿಸುಕಲಿಲ್ಲ. ಎರಡೂ ಕೈ ಹಾಕಿ, ಕಾಲು ಊರಿ ಎಳೆದರು. ಅವರ ಹಣೆಯ ನರ ಉಬ್ಬಿತು, ಮುಖದ ಬಣ್ಣ ಇಳಿಯಿತು. ಕೈ ತಾನಾಗಿ ಎದೆಯ ಮೇಲೆ ಹೋಯಿತು. "ಗಂಗಾ, ಕೈಯಲ್ಲಿ ಶಕ್ತಿನೇ ಇಲ್ಲ ಕಣೇ" ಎಂದು ಪಿಸುಗುಟ್ಟಿ ಡಿಕ್ಕಿಯ ಅಂಚಿನಲ್ಲಿ ಕೂತುಬಿಟ್ಟರು. ನಾನು ನಾಲಿಗೆಯಡಿಗೆ ಇಡುವ ಮಾತ್ರೆಗೆ ಪರ್ಸು ತಡಕಾಡುತ್ತಿದ್ದೆ. ಅಷ್ಟರಲ್ಲಿ ಮನೆಯೊಳಗಿಂದ ದಪ್ಪನೆಯ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ಎಂತ ಮಾರಾಯ್ರೆ ಹೀಗೆ ಹೆದರಿದ್ದು? ಅದು ನಿಮ್ಮದೇ ಚೀಲವಾ? ನಿಮ್ಮದಾದ್ರೆ ಏಳುದಿಲ್ಲ. ಇಲ್ಲಿ ಹಾಗೇ" ಎಂದು ಹೇಳಿ ಎರಡು ಬೆರಳಲ್ಲಿ ಆ ಚೀಲ ಎತ್ತಿ, ಬೂರಲ ಹತ್ತಿಯ ದಿಂಬಿನ ಹಾಗೆ ಕೈಯಲ್ಲಿ ಕುಣಿಸಿದಳು. ಅವಳೇ ಪದ್ದಕ್ಕ, ಆ ಮನೆಯ ಯಜಮಾನಿ. ಅವಳ ಗಂಡ ಶೀನಣ್ಣ ಹಗ್ಗ ಹೊಸೆಯುವವನು, ಬಾಯಿ ತೆಗೆದರೆ ಏನೋ ನಷ್ಟವಾದೀತು ಎನ್ನುವಷ್ಟು ಮಿತಭಾಷಿ. ಅವನು ಜಗಲಿಯಿಂದ ಒಮ್ಮೆ ತಲೆ ಆಡಿಸಿ ಸಾಕ್ಷಿ ಹೇಳಿದ.

ಹೇಳಿದ್ದು ಅರ್ಥವಾಗುವುದಕ್ಕೆ ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಊರಲ್ಲಿ ತನ್ನ ಸಾಮಾನನ್ನು ತಾನು ಎತ್ತಲಾಗುವುದಿಲ್ಲ. ಇನ್ನೊಬ್ಬರದಾದರೆ ಹೂವು ಎತ್ತಿದ ಹಾಗೆ ಎತ್ತಬಹುದು. ಮೈಮೇಲಿನ ಬಟ್ಟೆ, ತಟ್ಟೆಯ ಅನ್ನ, ಒಂದು ಸೇರಿಗಿಂತ ಕಡಿಮೆಯ ಸಣ್ಣಪುಟ್ಟ ಸಾಮಾನು ಇವೆಲ್ಲ ಲೆಕ್ಕಕ್ಕಿಲ್ಲ. ನನಗೆ ಮೊದಲು ಬಂದ ಭಾವನೆ ಸಂತೋಷ, ಗಂಡನ ಎದೆಗೆ ಏನೂ ಆಗಿಲ್ಲವಲ್ಲ ಎಂದು. ನಾನು ಅವರ ಚೀಲ ಎತ್ತಿ ನೋಡಿದೆ, ನಿಜಕ್ಕೂ ಹೂವು. ನಮ್ಮವರಿಗೂ ಹುರುಪು ಬಂತು. "ಹಾಗಾದ್ರೆ ನಿನ್ನದು ನಾನು ತರ್ತೀನಿ ತಾಳು" ಎಂದು ನನ್ನ ಚೀಲಕ್ಕೆ ಕೈ ಹಾಕಿದರು.

ಅದು ಏಳಲಿಲ್ಲ. ಏಳುವುದು ಹೇಗೆ? ಅದರ ತಳದಲ್ಲಿ ಇದ್ದದ್ದೆಲ್ಲ ಅವರದೇ.

ಪದ್ದಕ್ಕ ಮಾತ್ರ ಎರಡು ಕೈಯನ್ನೂ ಕೆನ್ನೆಗೆ ಹಚ್ಚಿಕೊಂಡಳು. "ಏಳ್ತಾ ಇಲ್ವಾ! ಏನು ಪುಣ್ಯ ಮಾಡಿದ್ದೀರಿ ಅಮ್ಮ ನೀವು! ಹೆಂಡತಿ ಸಾಮಾನು ಗಂಡನಿಗೆ ಏಳುದಿಲ್ಲ ಅಂದ್ರೆ ಅದು ಅವರಿಗೆ ಬೇರೆಯವರದ್ದು ಅಲ್ಲವೇ ಅಲ್ಲ ಅಂತ. ನನಗೆ ಇವರ ಪೆಟ್ಟಿಗೆ ಭಾರ ಆದದ್ದು ಮದುವೆಯಾಗಿ ಏಳು ವರ್ಷದ ಮೇಲೆ. ಅತ್ತೆ ಇಡೀ ಕೇರಿಗೆ ಪಾಯಸ ಹಂಚಿದ್ದರು." ಆಮೇಲೆ ನನ್ನ ಕೈಯಲ್ಲಿ ಹಗುರವಾಗಿ ತೂಗಾಡುತ್ತಿದ್ದ ನಮ್ಮವರ ಚೀಲದ ಕಡೆ ನೋಡಿ ದನಿ ಇಳಿಸಿದಳು. "ನಿಮಗೆ ಇನ್ನೂ ಆಗ್ಲಿಲ್ಲ ಅಲ್ವಾ? ಪರವಾಗಿಲ್ಲ, ಕೆಲವರಿಗೆ ತಡ." ಮೂವತ್ತೊಂದು ವರ್ಷ ಸಂಸಾರ ಮಾಡಿ, ಏಳು ದಿನ ಕದ್ದುಮುಚ್ಚಿ ಆ ಮನುಷ್ಯನ ಹೊರೆ ಹೊತ್ತು, ಕೊನೆಗೆ ಹೆಂಡತಿಯಾಗಿ ನಪಾಸಾದವಳು ನಾನು! ಬಾಯಿ ಬಿಟ್ಟರೆ ಗುಟ್ಟು ರಟ್ಟಾಗುತ್ತದೆ. ಸುಮ್ಮನೆ ನಕ್ಕೆ. ನಮ್ಮವರು ಮೀಸೆಯಡಿ ನಗುತ್ತ, "ನೋಡ್ಕೋ" ಎನ್ನುವಂತೆ ಹುಬ್ಬು ಹಾರಿಸಿದರು.

"ನಾಡಿದ್ದು ಬೆಳಿಗ್ಗೆ ಚೀಲ ಬಿಚ್ಚುವ ಶಾಸ್ತ್ರ ಮಾಡಿಯೇ ಕಳಿಸುದು" ಎಂದು ಪದ್ದಕ್ಕ ಸಾರಿದಳು. ಕೇರಿಯವರೆಲ್ಲ ಸೇರುತ್ತಾರಂತೆ. ಚೀಲದಿಂದ ಒಂದೊಂದೇ ಸಾಮಾನು ತೆಗೆದು ಗಂಡನ ಮುಂದಿಡುತ್ತಾರಂತೆ. ಯಾವ್ಯಾವುದು ಏಳುವುದಿಲ್ಲವೋ ಅದಕ್ಕೆಲ್ಲ ಹೂವು ಮುಡಿಸುತ್ತಾರಂತೆ. ನಾನು ಏನೇನೋ ನೆಪ ಹೇಳಿದೆ. ನಮ್ಮವರೇ, "ಇರಲಿ ಬಿಡೇ, ಅವರು ಅಷ್ಟು ಪ್ರೀತಿಯಿಂದ ಹೇಳ್ತಾ ಇದಾರೆ" ಎಂದು ಒಪ್ಪಿಕೊಂಡುಬಿಟ್ಟರು.

ಮಾರನೆಯ ದಿನವೆಲ್ಲ ಅವರು ಬೀದಿಯಲ್ಲೇ ಇದ್ದರು. ಆ ಊರಲ್ಲಿ "ಸ್ವಲ್ಪ ಎತ್ತಿಕೊಡ್ತೀರಾ?" ಎನ್ನುವುದು ನಮ್ಮಲ್ಲಿ "ಊಟ ಆಯ್ತಾ?" ಎಂದು ಕೇಳಿದಷ್ಟೇ ಸಹಜ. ಮೀನು ಮಾರುವ ಹೆಂಗಸರು ಬುಟ್ಟಿ ಅದಲುಬದಲು ಮಾಡಿಕೊಂಡು, ಇವಳ ಬಂಗುಡೆಯನ್ನು ಅವಳು, ಅವಳ ಭೂತಾಯಿಯನ್ನು ಇವಳು ಕೂಗಿ ಮಾರುತ್ತಿದ್ದರು. ತಾಯಂದಿರು ತಮ್ಮ ಕೂಸುಗಳನ್ನು ಎತ್ತಲಾರರು. ನೆಲಕ್ಕೆ ಕೂತರೆ ಕೂಸು ತಾನೇ ಮಡಿಲಿಗೆ ಹತ್ತುತ್ತದೆ, ಸೊಂಟದ ಮೇಲೆ ತಿರುಗಬೇಕಾದರೆ ಪಕ್ಕದ ಮನೆಯವಳೇ ಬರಬೇಕು. ಹೀಗಾಗಿ ಆ ಊರಿನ ಮಕ್ಕಳಿಗೆ ಎಲ್ಲರ ಸೊಂಟವೂ ಪರಿಚಯ. ಕಳ್ಳರ ಕಥೆಯಂತೂ ಕೇಳಲೇಬೇಕು. ಬೀರುವನ್ನು ಹೆಗಲ ಮೇಲಿಟ್ಟು ಸಲೀಸಾಗಿ ಹೊರಟ ಕಳ್ಳ, ಇನ್ನು ಇದು ನನ್ನದು ಎಂದು ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ದಾರಿಯ ಮಧ್ಯೆ ಅದರ ಕೆಳಗೆ ಸಿಕ್ಕಿಕೊಳ್ಳುತ್ತಾನಂತೆ. ಬೆಳಿಗ್ಗೆ ಬೀರುವಿನ ಯಜಮಾನನನ್ನು ಬಿಟ್ಟು ಉಳಿದವರು ಹೋಗಿ ಎತ್ತಿ, ಕಳ್ಳನಿಗೆ ಕಾಫಿ ಕೊಟ್ಟು ಕಳಿಸುತ್ತಾರಂತೆ.

ನಮ್ಮವರಿಗೆ ಹಬ್ಬವೋ ಹಬ್ಬ. ಅಕ್ಕಿ ಮೂಟೆ ಹೊತ್ತರು, ದೋಣಿಯ ಲಂಗರು ಹೊತ್ತರು, ಯಾರದೋ ಮನೆಯ ರುಬ್ಬುಗುಂಡು ಒಂದೇ ಕೈಯಲ್ಲಿ ಹಿಡಿದು ಬೀದಿ ದಾಟಿಸಿದರು. ಅಂಗಿ ತೋಳು ಮಡಚಿಕೊಂಡು, ಎದೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದರೆ ಅವರು ನನ್ನನ್ನು ನೋಡಲು ಬಂದ ದಿನ ನೆನಪಾಯಿತು. ನನಗೆ ಪ್ರೀತಿಯೂ ಬಂತು, ಭಯವೂ ಆಯಿತು.

ಅವರು ಹೊರಗಿದ್ದಾಗ ಗುಟ್ಟು ಉಳಿಸಿಕೊಳ್ಳಲು ಕೋಣೆಯ ಬಾಗಿಲು ಹಾಕಿಕೊಂಡು ನನ್ನ ಚೀಲ ಬಿಚ್ಚಿದೆ. ಅವರ ಇಕ್ಕಳ, ಕಂಬಿ, ಒಲೆ ನನಗೆ ಹೂವಿನಷ್ಟು ಹಗುರ. ತೆಗೆದು ಅವರ ಚೀಲಕ್ಕೆ ಹಾಕಿದರೆ ಐದು ನಿಮಿಷದ ಕೆಲಸ. ಆದರೆ ಅವು ಇದ್ದದ್ದು ತಳದಲ್ಲಿ. ಮೇಲೆ ನನ್ನ ಔಷಧದ ಪೆಟ್ಟಿಗೆ, ನನ್ನ ನೀರಿನ ಕ್ಯಾನು, ನಾನೇ ಹುರಿದು ಬೀಸಿದ ಹಿಟ್ಟಿನ ಗಂಟು. ಒಂದನ್ನೂ ಕದಲಿಸಲಾಗಲಿಲ್ಲ. ನನ್ನ ಕಳ್ಳತನಕ್ಕೆ ನನ್ನ ಸಾಮಾನೇ ಬೀಗ ಹಾಕಿಕೊಂಡು ಕೂತಿತ್ತು. ಪದ್ದಕ್ಕನನ್ನು ಕರೆದು ಎತ್ತಿಕೊಡು ಅನ್ನಬಹುದಿತ್ತು. ಆಗ ಇನ್ನೊಂದು ಸುಳ್ಳು ಕಟ್ಟಬೇಕು. ಬೆವರು ಸುರಿಸಿ, ಉಗುರು ಮುರಿದುಕೊಂಡು, ಕೊನೆಗೆ ಚೀಲದ ಪಕ್ಕದಲ್ಲೇ ಕೂತು ಅತ್ತೆ.

ಶಾಸ್ತ್ರದ ಬೆಳಿಗ್ಗೆ ಜಗಲಿಯಲ್ಲಿ ಇಪ್ಪತ್ತು ಜನ. ಹೆಸರುಬೇಳೆ ಪಾಯಸದ ಪರಿಮಳ ಬೀದಿಗೂ ಹರಡಿತ್ತು. ನಮ್ಮವರು ಇದ್ದ ಒಂದೇ ಒಗೆದ ಅಂಗಿ ಹಾಕಿಕೊಂಡು ಚಾಪೆಯ ಮೇಲೆ ಮದುಮಗನ ಹಾಗೆ ಕೂತಿದ್ದರು. ಪದ್ದಕ್ಕ ನನ್ನ ಚೀಲದಿಂದ ಮೊದಲು ಔಷಧದ ಪೆಟ್ಟಿಗೆ ತೆಗೆದು ಮುಂದಿಟ್ಟಳು. ಅವರು ಎತ್ತಿದರು, ಪೆಟ್ಟಿಗೆ ಬಲೂನಿನ ಹಾಗೆ ಮೇಲೆ ಬಂತು. ಜನ ಸ್ವಲ್ಪ ಪೆಚ್ಚಾದರು. ನೀರಿನ ಕ್ಯಾನು, ಅದೂ ಎದ್ದಿತು. ಹಿಟ್ಟಿನ ಗಂಟೂ ಎದ್ದಿತು. ನಮ್ಮವರ ಮುಖದ ನಗು ಒಂದೊಂದು ಸಾಮಾನಿಗೂ ಒಂದಿಷ್ಟು ಕಡಿಮೆಯಾಗುತ್ತ ಬಂತು. ಆಮೇಲೆ ಪದ್ದಕ್ಕ ತಳಕ್ಕೆ ಕೈ ಹಾಕಿ ಚರ್ಮದ ಚೀಲ ತೆಗೆದಳು. ನಮ್ಮವರು ಅದನ್ನು ಎತ್ತಲು ಹೋಗಲೇ ಇಲ್ಲ. ನೋಡಿದರು, ಅಷ್ಟೆ. ಅದರ ಹಿಂದೆಯೇ ಕಂಬಿಗಳು ಬಂದವು, ಒಲೆ ಬಂತು, ಗ್ಯಾಸ್ ಡಬ್ಬಿ ಬಂತು. ಅವರು ಮೂವತ್ತನಾಲ್ಕು ವರ್ಷ ತಂತಿಯಲ್ಲಿ ಕರೆಂಟು ಎಲ್ಲಿ ಸೋರುತ್ತಿದೆ ಎಂದು ಹುಡುಕಿದವರು. ಅವರಿಗೆ ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ.

"ಇದೆಲ್ಲ ನಿಮ್ಮದಲ್ವಾ?" ಎಂದಳು ಪದ್ದಕ್ಕ, ಗೊಂದಲದಲ್ಲಿ. ಇಕ್ಕಳದ ಹಿಡಿಯ ಮೇಲೆ ಅವರ ಹೆಸರೇ ಕೊರೆದಿತ್ತು.

ನಾನು ನೆಲ ನೋಡುತ್ತಿದ್ದೆ. ಆಗ ನಮ್ಮವರು ಹೇಳಿದರು, "ಹೌದು, ನನ್ನದೇ. ನನಗೆ ಹೊರೋಕೆ ಆಗಲ್ಲ ಅಂತ ನಾನೇ ಅವಳ ಕೈಲಿ ಕೊಟ್ಟಿದ್ದೆ."

ಸುಳ್ಳು! ನನ್ನ ಮರ್ಯಾದೆ ಉಳಿಸಲು, ಆ ಮನುಷ್ಯ ಜೀವಮಾನದಲ್ಲಿ ಯಾವ ಮಾತು ಆಡಬಾರದೆಂದುಕೊಂಡಿದ್ದರೋ ಅದನ್ನೇ ಇಪ್ಪತ್ತು ಜನರ ಮುಂದೆ ಆಡಿದ್ದರು. ಕಿವಿಯವರೆಗೆ ಕೆಂಪಾಗಿ ತಲೆ ತಗ್ಗಿಸಿ, ಜನ ನಗುವುದನ್ನು ಕಾಯುತ್ತ ಕೂತರು. ಯಾರೂ ನಗಲಿಲ್ಲ. "ಓ, ಅಷ್ಟೇಯಾ?" ಎಂದು ಪದ್ದಕ್ಕ ಸೌಟು ಕೈಗೆತ್ತಿಕೊಂಡಳು. "ಹೆಂಡತಿ ಕೈಯಲ್ಲಿ ಕೊಡದೆ ಮತ್ತೆ ಯಾರ ಕೈಯಲ್ಲಿ ಕೊಡುದು? ಶಾಸ್ತ್ರ ಆಗ್ಲಿಲ್ಲ, ಪಾಯಸ ಹಾಳು ಮಾಡುವುದು ಬೇಡ, ಕೂತುಕೊಳ್ಳಿ." ಎಲ್ಲರೂ ಬಟ್ಟಲು ಹಿಡಿದು ಕೂತರು. ನಮ್ಮವರು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಕಡಲ ಕಟ್ಟೆಯ ಮೇಲೆ ಕೂತಿದ್ದವರ ಪಕ್ಕದಲ್ಲಿ ಹೋಗಿ ಕೂತೆ. ಅವರು ಕೇಳಿದರು, "ಯಾವತ್ತಿಂದ?"

"ಮೊದಲನೇ ನಡಿಗೆಯ ಮೂರನೇ ದಿನದಿಂದ."

"ಹಾಗಾದ್ರೆ ಆ ಎರಡನೇದೂ... ನಾನು ಕುಣಿದಾಡಿದ್ದೆಲ್ಲ..." ಮುಖ ಸಮುದ್ರದ ಕಡೆ ತಿರುಗಿಸಿದರು. "ನನ್ನನ್ನ ಕೋತಿ ಮಾಡಿದೆ ಗಂಗಾ."

"ಮಾಡಿದೆ ಕಣ್ರೀ. ತಪ್ಪಾಯ್ತು. ಆಸ್ಪತ್ರೆ ಕಾರಿಡಾರಿನಲ್ಲಿ ಐದು ಗಂಟೆ ಒಬ್ಬಳೇ ಕೂತಿದ್ದೆ ನಾನು, ನಿಮ್ಮ ಚಪ್ಪಲಿ ಮಡಿಲಲ್ಲಿ ಇಟ್ಕೊಂಡು. ಇನ್ನೊಂದು ಸಲ ಹಾಗೆ ಕೂರೋಕೆ ನನ್ನ ಕೈಲಿ ಆಗಲ್ಲ."

"ಭಯ ಇದ್ರೆ ಬಾಯಿಬಿಟ್ಟು ಹೇಳಬೇಕಿತ್ತು."

"ಹೇಳಿದ್ರೆ ನೀವು ಕೇಳ್ತಿದ್ರಾ? ಕೇಳಿದ್ರೂ ಚೀಲ ಬಿಸಾಕಿ ಮನೆಗೆ ಹೋಗ್ತಿದ್ರಿ."

ಅವರು ನನ್ನ ಕಡೆ ನೋಡದೆ, "ಇಲ್ಲೇ ಇದ್ದುಬಿಡೋಣ. ಶೀನಣ್ಣನ ಹತ್ತಿರ ಹಗ್ಗದ ಸುರುಳಿ ದೋಣಿಗೆ ಸಾಗಿಸೋಕೆ ಜನ ಬೇಕಂತೆ. ಇಲ್ಲಿ ನಾನು ಗಟ್ಟಿಯಾಗಿದೀನಿ" ಅಂದರು. ನಾನು ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ.

ಆ ದಿನ ಮಧ್ಯಾಹ್ನವೆಲ್ಲ ಅವರು ಹಗ್ಗದ ಸುರುಳಿ ಹೊತ್ತರು. ಪದ್ದಕ್ಕ ಜಗಲಿಯಲ್ಲಿ ಸೊಪ್ಪು ಸೋಸುತ್ತ ಅವರನ್ನು ನೋಡಿ ನನಗೆ ಹೇಳಿದಳು, "ಅವರು ಎಂತಕ್ಕೆ ಅಷ್ಟು ಎದೆ ಉಬ್ಬಿಸುದು? ಇನ್ನೊಬ್ಬರದ್ದು ನಮಗೆಲ್ಲ ಹಗುರವೇ. ನನ್ನ ಮೊಮ್ಮಗಳಿಗೆ ಆರು ವರ್ಷ, ಅವಳೂ ಹೊರ್ತಾಳೆ. ಇಲ್ಲಿ ಗಟ್ಟಿಯವರು ಅಂತ ಯಾರೂ ಇಲ್ಲ ಅಮ್ಮ. ಕೇಳಲಿಕ್ಕೆ ಗೊತ್ತಿದ್ದವರು, ಗೊತ್ತಿಲ್ಲದವರು ಅಂತ ಉಂಟು ಅಷ್ಟೆ." ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ಆಗಷ್ಟೇ ಜಗಲಿಯ ಮುಂದೆ ಹಾದುಹೋಗುತ್ತಿದ್ದ ನಮ್ಮವರಿಗೆ ಅದು ಕೇಳಿಸಿತು. ಹೆಜ್ಜೆ ಒಂದು ಕ್ಷಣ ನಿಧಾನವಾಯಿತು. ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮುಂದೆ ಹೋದರು.

ಸಂಜೆ ಚಹಾ ಕುಡಿಯುವಾಗ ನನಗೆ ಸಿಟ್ಟು ಬಂತು. ಬರಬಾರದೇಕೆ? ತಪ್ಪು ನನ್ನದಿರಬಹುದು, ಆಸೆಯೂ ನನಗಿತ್ತಲ್ಲ. "ನೀವು ಇರೋದಾದ್ರೆ ಇರಿ. ನಾನು ನಾಳೆ ಹೊರಡ್ತೀನಿ. ನನಗೆ ಆ ದೀಪಸ್ತಂಭ ನೋಡಬೇಕು. ಮೂವತ್ತು ವರ್ಷ ಕಿಟಕಿಯಿಂದ ಕೈ ಮಾತ್ರ ಹೊರಗೆ ಹಾಕ್ಕೊಂಡು ಬದುಕಿದವಳು ನಾನು. ನಿಮ್ಮ ಸೇವೆ ಮಾಡೋಕೆ ಅಂತ ಬಂದವಳಲ್ಲ, ನಡೆಯೋಕೆ ಬಂದವಳು. ನಿಮ್ಮ ಜೊತೆ ನಡೆಯೋಕೆ ಬಂದೆ, ಅದು ಬೇರೆ ಮಾತು" ಎಂದೆ. ಅವರು ಲೋಟ ಕೆಳಗಿಟ್ಟು ನನ್ನ ಎಡಭುಜದ ಮೇಲೆ ಬೆರಳಿಟ್ಟರು. ನಾನು ನೋವಿಗೆ ಮುಖ ಕಿವುಚಿದೆ. "ಇಷ್ಟು ಬಾತಿದೆ" ಎಂದಷ್ಟೇ ಹೇಳಿದರು.

ನಾಲ್ಕನೇ ದಿನ ನಾನು ಎದ್ದಾಗ ಅವರ ಹಾಸಿಗೆ ಖಾಲಿ. ಹಗ್ಗ ಹೊರಲು ಹೋದರೆಂದುಕೊಂಡೆ. ಒಬ್ಬಳೇ ಆದರೂ ಹೊರಡುವುದೇ ಸರಿ ಎಂದು ಮುಖ ತೊಳೆದು ಜಗಲಿಗೆ ಬಂದರೆ ಅಲ್ಲಿ ನಮ್ಮ ಎರಡು ಚೀಲಗಳೂ ಗೋಡೆಗೆ ಒರಗಿ ಕೂತಿದ್ದವು. ಅವರ ಚೀಲ ಪಕ್ಕಕ್ಕೆ ಸರಿಸೋಣವೆಂದು ಕೈ ಹಾಕಿದೆ. ಮೂರು ದಿನದ ಹಿಂದೆ ಹೂವಿನಂತಿದ್ದ ಚೀಲ ನೆಲಕ್ಕೆ ಬೇರು ಬಿಟ್ಟ ಹಾಗಿತ್ತು.

"ಅದು ಏಳುದಿಲ್ಲ ಬಿಡಿ" ಎಂದಳು ಪದ್ದಕ್ಕ ಒಳಗಿನಿಂದ ಬಂದು. "ನಿಮ್ಮ ಔಷಧದ ಪೆಟ್ಟಿಗೆ, ಹಿಟ್ಟಿನ ಗಂಟು ಎಲ್ಲ ಅದರೊಳಗೆ ಉಂಟು. ಆಚೆಯದ್ದು ಅವರಿಗೂ ಏಳುದಿಲ್ಲ, ಅದರಲ್ಲಿ ಕಂಬಿ, ಒಲೆ. ಬೆಳಕು ಹರಿಯುವ ಮೊದಲು ಬಂದು ಬಾಗಿಲು ತಟ್ಟಿದರು ನಿಮ್ಮವರು. ಎಷ್ಟು ಹೊತ್ತು ನಿಂತರು ಗೊತ್ತುಂಟಾ ಬಾಯಿಬಿಡದೆ? ನಾನು ಎಂತದು ಎಂತದು ಅಂತ ಕೇಳಿದೆ. ಕಡೆಗೆ 'ಅಕ್ಕ, ಸ್ವಲ್ಪ ಎತ್ತಿಕೊಡ್ತೀರಾ' ಅಂದ್ರು. ಅಷ್ಟು ಹೇಳ್ಲಿಕ್ಕೆ ಪಾಪ ಬೆವತು ಹೋಗಿದ್ರು."

ನಮ್ಮವರು ಶೀನಣ್ಣನ ಜೊತೆ ಹಗ್ಗದ ಅಂಗಡಿಯಿಂದ ಬಂದರು. ಶೀನಣ್ಣನ ಕೈಯಲ್ಲಿ ಕೊಕ್ಕೆ ತಕ್ಕಡಿ. ಊರಿನ ವಿಚಿತ್ರವೆಲ್ಲ ಮನುಷ್ಯರ ಕೈಗೆ, ತಕ್ಕಡಿಯ ಮುಳ್ಳಿಗೆ ಅದು ಅಂಟಿರಲಿಲ್ಲ. ಶೀನಣ್ಣ ಮೊದಲು ಒಂದು ಚೀಲ, ಆಮೇಲೆ ಇನ್ನೊಂದನ್ನು ನೇತುಹಾಕಿ ತೋರಿಸಿದ. ಅವರದು ಎಂಟು, ನನ್ನದು ಎಂಟೂಕಾಲು. "ಆ ಕಾಲು ಕೆ.ಜಿ. ತೆಗೆಯೋಕೆ ನೋಡಿದೆ, ಆಗಲಿಲ್ಲ" ಎಂದರು ನಮ್ಮವರು, ತಪ್ಪು ಒಪ್ಪಿಕೊಳ್ಳುವವರ ಹಾಗೆ. ಇಕ್ಕಳದ ಚೀಲವನ್ನು ಶೀನಣ್ಣ ಆಗಲೇ ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದನಂತೆ. "ತಿಂಡಿ ತಿಂದ್ರಾ?" ಎಂದು ಕೇಳಿದೆ. ಇಲ್ಲ ಎಂದರು.

ನೀರ್ದೋಸೆ ತಿಂದು, ಜಗಲಿಯ ಮೆಟ್ಟಿಲ ಮೇಲೆ ಎರಡು ಚೀಲಗಳ ನಡುವೆ ಕೂತೆವು. ಎರಡೂ ಇಬ್ಬರಿಗೂ ಏಳುವುದಿಲ್ಲ. ಪದ್ದಕ್ಕ ಬೇಕೆಂದೇ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಬೀದಿಯಲ್ಲಿ ಬುಟ್ಟಿ ಹೊತ್ತ ಇಬ್ಬರು ಮೀನಿನವರು ಬಂದರು. ನಮ್ಮವರು ಎದ್ದು ನಿಂತು, ಈ ಸಲ ಅಷ್ಟೇನೂ ಒದ್ದಾಡದೆ, "ತಾಯಿ, ಕಾರಿನ ತನಕ ಎತ್ತಿಕೊಡ್ತೀರಾ?" ಎಂದರು. ಅವರು ಬುಟ್ಟಿ ತಲೆಯ ಮೇಲೇ ಇಟ್ಟುಕೊಂಡು ತಲಾ ಒಂದೊಂದು ಚೀಲ ಬೆರಳಿಗೆ ಸಿಕ್ಕಿಸಿಕೊಂಡು ಡಿಕ್ಕಿಗೆ ಹಾಕಿ, ನಮ್ಮ ಧನ್ಯವಾದಕ್ಕೂ ಕಾಯದೆ, ಮೀನು ಕೂಗುತ್ತ ಹೋದರು. ಪದ್ದಕ್ಕ ಕಾರಿನ ಕಿಟಕಿಗೆ ಬಾಗಿ ನನ್ನ ಕಿವಿಯಲ್ಲಿ, "ನಿಮ್ಮ ಶಾಸ್ತ್ರದ ಪಾಯಸ ಬಾಕಿ ಉಂಟು, ಇನ್ನೊಮ್ಮೆ ಬನ್ನಿ" ಎಂದಳು.

ಮೂರನೇ ನಡಿಗೆ ಶುರುವಾಗುವ ಜಾಗಕ್ಕೆ ಅಲ್ಲಿಂದ ಎರಡು ಗಂಟೆಯ ದಾರಿ. ಅಲ್ಲಿ ಭಾರಕ್ಕೆ ಭಾರವೇ ಇತ್ತು, ಎಲ್ಲ ಊರುಗಳ ಹಾಗೆ. ಅವರು ತಮ್ಮ ಎಂಟು ಕೆ.ಜಿ. ತಾವೇ ಬೆನ್ನಿಗೆ ಏರಿಸಿಕೊಂಡರು, ನಾನು ನನ್ನದನ್ನು. ಮೊದಲ ಎರಡು ಮೈಲಿ ಮರಳು, ಆಮೇಲೆ ಒಂದು ಏರು, ಕೆಂಪು ಕಲ್ಲಿನದು, ಕಡಿದಾದದ್ದು. ನಾನು ಮುಂದೆ ಹತ್ತುತ್ತಿದ್ದೆ. ಹಿಂದೆ ಅವರ ಬೂಟಿನ ಸದ್ದು ನಿಂತಿತು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಏನೂ ಇಲ್ಲ ಎನ್ನುತ್ತಾರೆ, ನಾನು ನಂಬಿದಂತೆ ನಟಿಸುತ್ತೇನೆ, ಮತ್ತೆ ಅದೇ ಆಟ ಶುರುವಾಗುತ್ತದೆ ಎಂದುಕೊಂಡು ನಿಂತೆ.

"ಗಂಗಾ" ಎಂದರು. "ಉಸಿರು ಸಾಲ್ತಾ ಇಲ್ಲ. ಈ ಹಿಟ್ಟಿನ ಗಂಟು ಮೇಲೆ ಹೋಗೋ ತನಕ ನೀನು ಇಟ್ಕೋತೀಯಾ?"

ಇಳಿದು ಹೋಗಿ ಗಂಟು ತೆಗೆದುಕೊಂಡೆ. ಪೂರ್ತಿ ಎರಡು ಕೆ.ಜಿ. ಇತ್ತು, ಒಂದು ಗುಂಜಿಯೂ ಕಡಿಮೆಯಿಲ್ಲ. ಹಾಕಿಕೊಂಡ ಕೂಡಲೇ ಎಡಭುಜ ಚುರ್ ಎಂದಿತು. "ನನ್ನ ಭುಜ ನೋಯ್ತಿದೆ ಕಣ್ರೀ, ತಕ್ಷಣ ಹತ್ತೋಕೆ ಆಗಲ್ಲ" ಎಂದು ನಾನೂ ಹೇಳಿದೆ. ಇಷ್ಟು ದಿನದಲ್ಲಿ ಆ ಮಾತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲೂ ಇಲ್ಲ. ಅವರು ಒಂದು ಕಲ್ಲಿನ ಮೇಲಿನ ಮರಳು ಕೊಡವಿ ಜಾಗ ಮಾಡಿದರು. ಇಬ್ಬರೂ ಅಲ್ಲೇ ಕೂತು, ದಮ್ಮು ಹತೋಟಿಗೆ ಬರುವ ತನಕ ಕಾದು, ಆಮೇಲೆ ಹತ್ತಿದೆವು.